ಡೊಳ್ಳಿನ ಕೋಲು

ಕುಡಿದು ಮಾಡಿಕೊಂಡ ಜಗಳದಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿದೆ. ಆಮೇಲೆ ಅವನು ಎರವಲು ತಂದಿದ್ದ ಡೊಳ್ಳಿನ ಕೋಲು ಹಿಡಿದು, ಅವನಿಗೆ ಡೊಳ್ಳು ಕಲಿಸಿದ ಅಜ್ಜನ ಮನೆಗೆ ಹೋದೆ.

ಅಜ್ಜ ಕಣ್ಣೊರೆಸಿಕೊಂಡ. “ಲಾವಣಿ ಕಟ್ಟಾವ, ಭಜನಿ ಹಾಡಾವ, ಡೊಳ್ಳಿಗೆ ನಿಂತ್ರ ಹುಲಿ. ನೆನಪಿಗೆ ಈ ಕೋಲು ನೀನ ಇಟ್ಕೊಳವ್ವಾ.”

“ಬ್ಯಾಡ್ರಿ ಅಜ್ಜಾ. ಅದು ಮನ್ಯಾಗಿದ್ರ ನನಗ ನಿದ್ದಿ ಬರಂಗಿಲ್ಲ.”

“ಮನ್ಯಾಗ ರೂಢಿ ಮಾಡ್ತೀನಿ ಅಂತ ಹಟಾ ಹಿಡದು ಒಯ್ದಿದ್ದ.” ಅಜ್ಜ ಮೂಲೆಯಲ್ಲಿದ್ದ ಡೊಳ್ಳಿನತ್ತ ನೋಡಿ ತಡೆದ. “ಅಲ್ಲವ್ವಾ, ಡೊಳ್ಳು ಇಲ್ಲೇ ಇತ್ತು. ಮನ್ಯಾಗ ಯಾತರ ಮ್ಯಾಲ ಬಾರಿಸ್ತಿದ್ದ?”

ಕೋಲನ್ನು ಅಜ್ಜನ ಕೈಗಿಟ್ಟು ತಿರುಗಿ ನಿಂತೆ. ಹೊದ್ದ ಸೆರಗನ್ನು ಬೆನ್ನಿನಿಂದ ಸರಿಸಿದೆ.