ಓರೆಗನ್ನಡಿ

ಸಕ್ರವ್ವ ಮೂರನೆಯ ಸಲ ವಿಭೂತಿ ಹಚ್ಚಿ ಉಜ್ಜಿದರೂ ಆ ಹಾಳು ಕನ್ನಡಿಯ ಮಬ್ಬು ಹೋಗಲಿಲ್ಲ. ಎರಡು ಬೆರಳಗಲದ ಕನ್ನಡಿ, ಅದಕ್ಕೆಂಥ ಹಟ! ಮುಧೋಳದಲ್ಲಿ ಕರೆಂಟು ಕೈಕೊಟ್ಟಾಗಲೆಲ್ಲ ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ ಥಳಥಳ ಹೊಳೆಸುತ್ತಿದ್ದ ಕೈ ಅವಳದು. ಇದು ಮಗಳು ನೋಡುವ ಕನ್ನಡಿ ಎಂದು ಒಲೆಯ ಬೂದಿಯ ಬದಲು ಮಠದಿಂದ ತಂದ ವಿಭೂತಿಯನ್ನೇ ಬಳಸಿದ್ದಳು. ಹಸಿ ಬಟ್ಟೆಯಲ್ಲಿ ಇನ್ನೊಮ್ಮೆ ಗಸಗಸ ಉಜ್ಜಿ, ಅಳಿಯ ಇಟ್ಟಿದ್ದ ಡಬ್ಬಿಯಲ್ಲೇ ಅದನ್ನು ತಿರುಗಿ ಇಟ್ಟಳು.

ಅವಳು ನಾಶಿಕಕ್ಕೆ ಬಂದು ಮೂರು ತಿಂಗಳಾಗಿತ್ತು. ಊರಲ್ಲಿ ಕಣ್ಣಿನ ಪೊರೆ ತೆಗೆಸಲು ತಾರೀಖು ಗೊತ್ತಾಗಿತ್ತು. "ಮಗಳು ಹಾಸಿಗಿ ಹಿಡದಾಳ, ಈಗ ನನ್ನ ಕಣ್ಣಿಗೇನ್ ಅವಸರ?" ಎಂದು ಬಸ್ಸು ಹತ್ತಿಬಿಟ್ಟಿದ್ದಳು.

ಮಗಳು ಮಂಜುಳಾ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಗಡ್ಡೆ ಬೆನ್ನುಹುರಿಗೆ ಹಬ್ಬಿ ಅವಳನ್ನು ಅಂಗಾತ ಮಲಗಿಸಿತ್ತು. ತಲೆ ಎತ್ತುವಂತಿಲ್ಲ, ಹೊರಳಿಸುವಂತಿಲ್ಲ. ಸಂಭಾಜಿನಗರದ ಡಾಕ್ಟರು ಕೈಚೆಲ್ಲಿ, ಇದ್ದಷ್ಟು ದಿನ ಆರಾಮವಾಗಿ ಇಡಿ ಎಂದು ಮನೆಗೆ ಕಳಿಸಿದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ: ಚಂದ್ರನ ಗುಳಿಗಳನ್ನು ಇನ್ನೊಮ್ಮೆ ನೋಡಬೇಕು. ಶಾಲೆಯವರು ದುರ್ಬೀನು ಕೊಟ್ಟರು. ಮಲಗಿದವಳು ಅದಕ್ಕೆ ಕಣ್ಣು ಹಚ್ಚುವುದು ಹೇಗೆ? ಅದಕ್ಕೇ ಈ ಓರೆಗನ್ನಡಿ. ದುರ್ಬೀನಿನ ಬುಡದಲ್ಲಿ ಇದನ್ನು ಓರೆಯಾಗಿ ಕೂಡಿಸಿದರೆ ಬೆಳಕು ತಿರುಗಿ ನೇರ ಅವಳ ಕಣ್ಣಿಗೇ ಇಳಿಯುತ್ತದೆ. ಕನ್ನಡಿ ಪುಣೆಯಿಂದ ಟಪಾಲಿನಲ್ಲಿ ಬಂದಿತ್ತು. ಸಾತಪುರದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಗಂಡ ಮೈಲಾರಿ, ಅದನ್ನು ಹಿಡಿಯುವ ಕೊಳವೆಯನ್ನು ಊಟದ ಬಿಡುವಿನಲ್ಲಿ ಲೇತಿನ ಮೇಲೆ ತಾನೇ ಮಾಡಿಕೊಂಡಿದ್ದ.

ಇವತ್ತು ತಪ್ಪಿದರೆ ಮತ್ತಿಲ್ಲ. ಕಿಟಕಿಯ ಎದುರು ಏಳುತ್ತಿದ್ದ ಕಟ್ಟಡದ ಎರಡು ಕಂಬಗಳ ನಡುವೆ ಮಾತ್ರ ಪಡುವಣದ ಆಕಾಶ ಒಂದಿಷ್ಟು ಉಳಿದಿತ್ತು. ಅಲ್ಲಿಯೂ ಇಟ್ಟಿಗೆ ಏರಿಸಿಟ್ಟಿದ್ದರು. "ನಾಳಿ ಮುಂಜಾನಿ ಗ್ವಾಡಿ ಕಟ್ಟತೇವ್ರಿ, ಆಮ್ಯಾಗ ನಿಮಗ ಧೂಳ ಬರೂದಿಲ್ಲ," ಎಂದು ಅಲ್ಲಿ ಗೋಡೆ ಕಟ್ಟುವ, ಇವರ ಊರ ಕಡೆಯವನೇ ಆದ ಗೌಂಡಿ ಅಮಸಿದ್ದ, ಸಮಾಧಾನದ ಮಾತೆಂದೇ ಕೂಗಿ ಹೇಳಿದ್ದ.

ಹೊತ್ತು ಮುಳುಗಿ ಬಿದಿಗೆಯ ಚಂದ್ರ ಕಂಬಗಳ ನಡುವೆ ಬಂದಾಗ ಮೈಲಾರಿ ದುರ್ಬೀನನ್ನು ಹಾಸಿಗೆಯ ಮೇಲಕ್ಕೆ ಎಳೆದು ನಿಲ್ಲಿಸಿ ಡಬ್ಬಿ ತೆರೆದ. ಕನ್ನಡಿಯನ್ನು ದೀಪಕ್ಕೆ ಹಿಡಿದವನು ಹಾಗೇ ನಿಂತ. ಅದರೊಳಗಿಂದ ಅವನ ಹೆಬ್ಬೆರಳು ಕಾಣುತ್ತಿತ್ತು.

"ಅತ್ತೀ, ಇದಕ್ಕೇನ್ ಹಚ್ಚೀರಿ?"

"ಇಭೂತಿ ಹಚ್ಚಿ ತಿಕ್ಕೇನ್ರಿ. ಭಾಳ ಮಬ್ಬಾಗಿತ್ತು."

"ಮಬ್ಬ ಎಲ್ಲಿತ್ರೀ? ಮುಂಜಾನೆ ನಾನ ನೋಡೇನಲ್ಲ, ಫಳಫಳ ಹೊಳೀತಿತ್ತು." ಕನ್ನಡಿಯನ್ನು ತಿರುವಿ ತೋರಿಸಿದ. "ಈ ಕನ್ನಡಿಗೆ ಪಾದರಸ ಹಿಂದ ಇರೂದಿಲ್ರೀ, ಮುಂದ ಇರತೈತಿ. ಬಟ್ಟೀನೂ ತಾಗಸಬಾರದು, ಅಳಿಸಿ ಹೋಗತೈತಿ."

ಸಕ್ರವ್ವನಿಗೆ ಕನ್ನಡಿಯ ಮಾತು ಅರ್ಧ ತಿಳಿಯಿತು, ಮಬ್ಬಿನ ಮಾತು ಪೂರ್ತಿ ತಿಳಿಯಿತು. ಮಬ್ಬು ಇದ್ದದ್ದು ಅವಳ ಕಣ್ಣಿನಲ್ಲಿ. ಅದನ್ನು ಹೋಗಲಾಡಿಸಲೆಂದು ಮಗಳ ಕನ್ನಡಿಯನ್ನು ಮಧ್ಯಾಹ್ನವೆಲ್ಲ ಕೂತು ತಿಕ್ಕಿದ್ದಳು. ನಿಂತಲ್ಲೇ ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು.

ಮೈಲಾರಿ ಆ ಗಾಜನ್ನೇ ಕೂಡಿಸಿದ. ಮಂಜುಳಾ ಕಣ್ಣರಳಿಸಿ ನೋಡಿದಳು, ಬಹಳ ಹೊತ್ತು ನೋಡಿದಳು.

"ಮಜ್ಜಿಗಿ ಚೆಲ್ಲಿಧಂಗ ಕಾಣಸ್ತೈತಿ," ಎಂದಳು.

ಮೈಲಾರಿ ಗೋಡೆಯ ಕನ್ನಡಿಯನ್ನು ಕಿತ್ತು ನೆಲಕ್ಕೆ ಕುಕ್ಕಿದ. ಚೂರೊಂದನ್ನು ಆರಿಸಿ ಕೊಳವೆಗೆ ತುರುಕಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಅವನೇ ಅಳೆದು ಮಾಡಿದ ಕೊಳವೆ ಅದು; ಚೂರು ಅದಕ್ಕೆ ಒಗ್ಗಲಿಲ್ಲ, ಬೆರಳು ಕೊಯ್ದುಕೊಂಡದ್ದೇ ಬಂತು. ಅಷ್ಟರಲ್ಲಿ ಚಂದ್ರ ಇಟ್ಟಿಗೆಯ ರಾಶಿಯ ಹತ್ತಿರಕ್ಕೆ ಇಳಿದಿದ್ದ.

"ಪುಣಾಕ್ಕ ಫೋನ್ ಮಾಡಿ ಇನ್ನೊಂದ ತರಸ್ತೀನಿ, ಮಂಜೂ."

"ಅಲ್ಲೀತನಕ ಗ್ವಾಡಿ ಕಾಯತೈತೇನ್ರೀ?" ಎಂದಳು ಮಂಜುಳಾ, ಸಿಟ್ಟಿಲ್ಲದೆ. ಅವನು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವ ನೆವದಿಂದ ಹೊರಗೆ ಹೋದ.

ಸಕ್ರವ್ವ ಹಾಸಿಗೆಯ ಅಂಚು ಹಿಡಿದು ಕುಸಿದಿದ್ದಳು. "ನನ್ನ ಕೈ ಸೇದಿಹೋಗಲಿ ಯವ್ವಾ," ಎಂದು ಒಂದೇ ಸಮ ಗೊಣಗುತ್ತಿದ್ದಳು.

"ಅಳಬ್ಯಾಡ. ಎದ್ದು ಕಿಟಕ್ಯಾಗ ನೋಡಿ ನನಗ ಹೇಳು. ಚಂದ್ರ ಹೆಂಗದಾನ? ಎರಡೂ ತುದಿ ಚೂಪ ಅದಾವೇನು? ಲಗೂ ನೋಡವ್ವಾ, ಮುಳಗತಾನ."

ಸಕ್ರವ್ವ ಎದ್ದು ಕಿಟಕಿಯ ಸರಳು ಹಿಡಿದಳು. ಕಂಬಗಳ ನಡುವೆ ಅವಳಿಗೂ ಕಂಡದ್ದು ಚೆಲ್ಲಿದ ಮಜ್ಜಿಗೆಯೇ.

"ಕಾಣ್ತೇನವ್ವಾ?"

ಸೆರಗಿನ ತುದಿಯಿಂದ ಕಣ್ಣುಜ್ಜಿಕೊಂಡಳು. ಮಬ್ಬು ಹೋಗಲಿಲ್ಲ. ಇನ್ನೊಮ್ಮೆ, ಗಸಗಸ, ಉಜ್ಜಿಕೊಂಡಳು.