ಸೋಸಿದ ನೀರು

ಕಿಟಕಿಯಲ್ಲಿದ್ದ ಗಾಜಿನ ಸೀಸೆ ಖಾಲಿಯಾಗಿ ಥಳಥಳ ಹೊಳೆಯುತ್ತಿತ್ತು. ಆಗಷ್ಟೇ ನೀರು ಕುಡಿದ ತಂಬಿಗೆಯನ್ನು ಕೆಳಗಿಡುವುದನ್ನೂ ಮರೆತು ದೌಲಪ್ಪ ಒಳಗೂ ಹೊರಗೂ ಅಡ್ಡಾಡಿದ. ಕಲಬುರಗಿಯ ಕೆರೆಗೆ ಗಟಾರ ಸೇರಿದೆ ಎಂಬುದಕ್ಕೆ ಆ ಸೀಸೆಯ ನೀರಿನಲ್ಲಿ ಬೆಳೆದಿದ್ದ ಕಪ್ಪುಹಸಿರು ಪಾಚಿಯೊಂದೇ ಸಾಕ್ಷಿ. ಅದನ್ನು ತೋರಿಸಿ, ಕಾಲರಾ ಹೆಚ್ಚುವ ಮೊದಲೇ ಕೆರೆಗೆ ಪಹರೆ ಹಾಕಿಸಲೆಂದು ನಿಜಾಮ ಸರ್ಕಾರದ ಡಾಕ್ಟರ್ ಸಾಹೇಬರನ್ನು ಕಮಲಾಪುರದಿಂದ ಟಾಂಗಾದಲ್ಲಿ ಕರೆತಂದಿದ್ದ.

"ಯವ್ವಾ, ಸೀಸೆದಾಗಿನ ಕೆರಿ ನೀರೆಲ್ಲಿ?"

"ಪಾಚಿ ಕಟ್ಟಿತ್ತಪಾ. ಬೂದಿ ಹಚ್ಚಿ ತಿಕ್ಕಿಟ್ಟೀನಿ," ಎಂದಳು ತಾಯಿ ಶಿವಕಾಂತಮ್ಮ.

"ನೀರು ಚೆಲ್ಲಿದಿಯೇನು?"

"ಈ ಬ್ಯಾಸಗ್ಯಾಗ ನೀರು ಯಾರರೆ ಚೆಲ್ತಾರ? ಅರಬೀಲೆ ಸೋಸಿ ಕುಡಿಯೋ ಕೊಡಕ್ಕ ಹಾಕೀನಿ."

ದೌಲಪ್ಪ ತಿರುಗಿ ನೋಡಿದ. ಪಡಸಾಲೆಯಲ್ಲಿ ಸಾಹೇಬರು ತಮ್ಮ ತಂಬಿಗೆ ಕೆಳಗಿಟ್ಟು ಮೀಸೆ ಒರೆಸಿಕೊಳ್ಳುತ್ತಿದ್ದರು.