ನಲ್ಲಿಕಟ್ಟೆಯ ಅವಲೋಕನ

ಆ ದಿನವೂ ಜಗಳ ಆಗಲಿಲ್ಲ. ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿನ ವಠಾರದಲ್ಲಿ ಬೆಳಿಗ್ಗೆ ನೀರು ಬಿಟ್ಟ ಕೂಡಲೇ ಕೊಡಗಳು ಸಾಲಾಗಿ ನಿಂತವು, ಒಂದೊಂದಾಗಿ ತುಂಬಿದವು, ತಮ್ಮ ತಮ್ಮ ಮನೆ ಸೇರಿದವು. ಎದುರಿನ ಮೆಟ್ಟಿಲ ಮೇಲೆ ಪೆನ್ನು ಹಿಡಿದು ಕೂತಿದ್ದ ಸವಿತಾಳಿಗೆ ಅಳುವೇ ಬಂತು.

ಹಗಲು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ, ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದು. ಪ್ರಬಂಧ ಬರೆಯುವ ಮೊದಲು ಸಂಶೋಧನಾ ವಿಧಾನ ಕಲಿಯಬೇಕು, ಕಲಿತದ್ದಕ್ಕೆ ಸಾಕ್ಷಿಯಾಗಿ ಒಂದು ವಾರದ ಅವಲೋಕನ ಮಾಡಿ ತರಬೇಕು. ವಿಷಯ ಅವಳದೇ ಆಯ್ಕೆ: 'ನೀರಿನ ಕೊರತೆ ಮತ್ತು ನೆರೆಹೊರೆಯ ಜಗಳ'. ಬೇಡಮ್ಮ, ಗ್ರಂಥಾಲಯದ ಬಳಕೆ ಬಗ್ಗೆ ಮಾಡು ಎಂದ ಮುನಿಕೃಷ್ಣ ಮೇಷ್ಟ್ರ ಜೊತೆ ಸ್ಟಾಫ್ ರೂಮಿನ ಕಿಟಕಿ ಗಾಜು ಅದುರುವಂತೆ ವಾದಿಸಿ ಗೆದ್ದಿದ್ದಳು. ಮೇಷ್ಟ್ರು ಒಂದೇ ಷರತ್ತು ಹಾಕಿದ್ದರು: "ದೂರ ಕೂತು ನೋಡ್ಬೇಕು, ಬರೀಬೇಕು. ಮಧ್ಯೆ ಬಾಯಿ ಹಾಕ್ಬಾರ್ದು." ಅಂದಿನಿಂದ ಸವಿತಾ ಕೊಡ ಬಿಟ್ಟು ಪೆನ್ನು ಹಿಡಿದಿದ್ದಳು. ಅವಳ ಕೊಡಗಳನ್ನು ಪಕ್ಕದ ಕೋಣೆಯ ಚನ್ನಕ್ಕ ತುಂಬಿಸಿಡುತ್ತಿದ್ದಳು. ಸವಿತಾ ಕೇಳಿರಲೂ ಇಲ್ಲ. ಪಾಪ, ಚನ್ನಕ್ಕನೇ ಓಡಿ ಬಂದು ಆ ಕೆಲಸ ವಹಿಸಿಕೊಂಡಿದ್ದಳು.

ಹಾಳೆಯಲ್ಲಿ 'ಜಗಳಕ್ಕೆ ಕಾರಣ' ಎಂಬ ಕಾಲಮ್ಮು ಮೊದಲ ದಿನ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಸವಿತಾ ಮೇಷ್ಟ್ರಿಗೆ ಫೋನ್ ಮಾಡಿದಳು.

"ಸಾರ್, ಜಗಳಾನೇ ಆಗ್ತಿಲ್ಲ."

"ಒಳ್ಳೇದೇ ಆಯ್ತಲ್ಲಮ್ಮ."

"ನನಗೆ ಒಳ್ಳೇದಲ್ಲ ಸಾರ್!"

"ನಾಳೆ ಒಂದಿನ ನೋಡು. ಇಲ್ಲಾಂದ್ರೆ ಗ್ರಂಥಾಲಯ." ಮೇಷ್ಟ್ರ ದನಿಯಲ್ಲಿ ಖುಷಿ ಇತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ.

ಕಾಲೇಜಿನ ಗ್ರಂಥಾಲಯಕ್ಕೆ ಬರುವವರೇ ಇಬ್ಬರು, ಇಬ್ಬರೂ ಬರುವುದು ಫ್ಯಾನಿನ ಕೆಳಗೆ ನಿದ್ದೆ ಮಾಡುವುದಕ್ಕೆ. ಅವರ ಮೇಲೆ ಪ್ರಬಂಧ ಬರೆಯುವುದನ್ನು ನೆನೆದು ಸವಿತಾ ಮರುದಿನ ಮೇಷ್ಟ್ರ ಷರತ್ತನ್ನು ಗಾಳಿಗೆ ತೂರಿದಳು. ನೀರು ಬಿಟ್ಟ ತಕ್ಷಣ ನಲ್ಲಿಯ ಮುಂದೆ ಹೋಗಿ ಕೈ ಮುಗಿದಳು.

"ಅಕ್ಕಂದಿರಾ, ಮುಂಚೆ ದಿನಾ ಎಷ್ಟು ಚೆನ್ನಾಗಿ ಜಗಳ ಆಗ್ತಿತ್ತು! ಈಗ ಏನಾಯ್ತು ನಿಮಗೆಲ್ಲ? ನಾನು ಬರೀತೀನಿ ಅಂತ ಸಂಕೋಚ ಬೇಡ, ಯಾರ ಹೆಸರೂ ಹಾಕಲ್ಲ. ಇವತ್ತೊಂದಿನ ಯಾವಾಗ್ಲೂ ಆಡೋ ಹಂಗೆ ಆಡ್ಬಿಡಿ. ನನ್ನ ಎಂ.ಎ. ನಿಮ್ಮ ಕೈಲಿದೆ."

ಓದುವ ಹುಡುಗಿಯ ಕಣ್ಣಲ್ಲಿ ನೀರು ಕಂಡು ಕೊಪ್ಪಳ ಕಡೆಯ ಚನ್ನಕ್ಕನಿಗೆ ಕರುಳು ಚುರ್ ಎಂದಿತು. ಮುಂದೆ ಮಾರಕ್ಕನ ಬಕೆಟ್ಟಿತ್ತು. ಮಾರಕ್ಕ ವಠಾರದ ಒಡತಿ, ನಲ್ಲಿಯ ನೀರೂ ಅವಳ ಬೋರಿನದೇ, ಆದರೂ ಅದೇ ನಲ್ಲಿಗೆ ಬರುವವಳು. ಚನ್ನಕ್ಕ ಆ ಬಕೆಟ್ಟನ್ನು ಹಗುರಕ್ಕೆ ಸರಿಸಿ ತನ್ನ ಕೊಡ ಇಟ್ಟಳು.

"ಮಾರಕ್ಕಾರ, ನಿಮ್ಮ ಪಾಳಿಗೆ ಅಡ್ಡ ಬಂದೀನ್ರಿ. ಬೈರಿ."

"ಅಯ್ಯೋ ಇಡ್ಕೊ ಬುಡಮ್ಮಿ, ನಂಗೇನ್ ಅರ್ಜೆಂಟು?"

"ಹಂಗಂದ್ರ ಜಗಳಾ ಹ್ಯಾಂಗ ಆಗತೈತ್ರಿ? ಹುಡುಗಿ ಓದು ಹಾಳಾಗತೈತಿ."

"ನಂಗೆ ಶುರು ಮಾಡಕ್ ಬರಾಕಿಲ್ಲ ಕಣೆ. ಯಾರಾನ ಶುರು ಅಚ್ಚುದ್ರೆ ಆಮ್ಯಾಕೆ ನೋಡು, ನನ್ನ ಇಡ್ಯೋರಿಲ್ಲ."

ಶುರು ಮಾಡುವವರು ಯಾರು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಸವಿತಾಳನ್ನು ನೋಡಿದರು, ನೋಡಿ ಸಟ್ಟನೆ ನಲ್ಲಿಯ ಕಡೆ ತಿರುಗಿಕೊಂಡರು.

"ಏನು? ನನ್ನ ಯಾಕೆ ನೋಡ್ತೀರ?"

ಚನ್ನಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ನೀ ಬರಕೊಂತ ಕುಂತೀಯಲ್ಲವ್ವಾ. ಇನ್ನ ಜಗಳಾ ತಗಿಯೋರು ಯಾರು?"

ಸವಿತಾಳ ಮುಖ ಕೆಂಪೇರಿತು. "ನಾನಾ? ನಾನು ಜಗಳ ತೆಗೀತೀನಾ? ನನ್ನ ಕೊಡ ಒದ್ದು ಸೊಟ್ಟ ಮಾಡಿದ್ದು ಯಾರು? ಬೆಳಕು ಹರಿಯೋಕೆ ಮುಂಚೆ ಬಂದು ಜಾಗ ಹಿಡಿಯೋ ಬಕೆಟ್ಟು ಯಾರದ್ದು? ಹೇಳ್ಲಾ?"

ಮಾರಕ್ಕನಿಗೆ ಅಷ್ಟು ಸಾಕಾಯಿತು. ನನ್ನ ಬೋರು, ನನ್ನ ಬಕೆಟ್ಟು, ಕೇಳೋಕೆ ನೀನ್ಯಾರು ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಿಡಿಸಲು ಹೋದ ಚನ್ನಕ್ಕ ತಾನೂ ನಾಲ್ಕು ಮಾತು ಸೇರಿಸಿದಳು. ಹಿಂದೆ ನಿಂತಿದ್ದವರು ಯಾವ ಕಾಲದ್ದೋ ಸಿಟ್ಟನ್ನೆಲ್ಲ ಹುಡುಕಿ ಹೊರಗೆ ತಂದರು. ನಲ್ಲಿ ನಿಲ್ಲಿಸುವವರಿಲ್ಲದೆ ಕೊಡ ತುಂಬಿ ಹರಿಯಿತು. ಎಂಥ ಜಗಳ! ವಾರವೆಲ್ಲ ಸವಿತಾ ಕಾದು ಕೂತಿದ್ದದ್ದು ಇಂಥದ್ದಕ್ಕೇ.

ಅದು ನೆನಪಾದದ್ದೇ ತಡ, ಬಾಯಲ್ಲಿದ್ದ ಬೈಗುಳವನ್ನು ಅರ್ಧಕ್ಕೇ ಬಿಟ್ಟು ಅವಳು ಮೆಟ್ಟಿಲಿಗೆ ಓಡಿದಳು. ಹಾಳೆ ಬಿಡಿಸಿ 'ಜಗಳಕ್ಕೆ ಕಾರಣ' ಎಂಬಲ್ಲಿ 'ನೀರಿನ ಕೊರತೆ' ಎಂದು ಬರೆದಳು. ಪಾದ ತಣ್ಣಗಾಯಿತು. ನೋಡಿದರೆ ತುಂಬಿ ಹರಿದ ನೀರು ಮೆಟ್ಟಿಲವರೆಗೂ ಬಂದಿತ್ತು. ನಾಚಿಕೆಯಾಗಿ ಬರೆದದ್ದನ್ನು ಹೊಡೆದು ಹಾಕಿದಳು. ಬದಲಿಗೆ ಏನು ಬರೆಯಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಕೈ ಓಡಲಿಲ್ಲ.

ತಲೆಯೆತ್ತಿದಳು. ಅವಳು ಪೆನ್ನು ಹಿಡಿದು ಕೂತ ಕ್ಷಣವೇ ನಲ್ಲಿಕಟ್ಟೆ ತಣ್ಣಗಾಗಿಬಿಟ್ಟಿತ್ತು. ಕೊಡಗಳು ಸಾಲಿಗೆ ಬಂದಿದ್ದವು. ಚನ್ನಕ್ಕ ಆಗಲೇ ಸವಿತಾಳ ಕೊಡ ತುಂಬಿಸುತ್ತಿದ್ದಳು.

ಮಾರಕ್ಕ ಬಕೆಟ್ಟು ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದಳು. ಯಾರಿಗೂ ಕೇಳಿಸದಂತೆ ಬಗ್ಗಿ ಹೇಳಿದಳು:

"ಅಮ್ಮಿ, ಈ ಎಂ.ಎ. ಆದ್ಮ್ಯಾಕೆ ಪಿಎಚ್‌ಡಿ ಅಂತ ಇನ್ನೊಂದೈತಂತಲ್ಲ, ವರ್ಸಾನುಗಟ್ಲೆ ಓದೋದು? ಅದ್ನೂ ಮಾಡ್ಬುಡು. ಬೇಕಾದ್ರೆ ಬಾಡಿಗೆ ಕಮ್ಮಿ ಮಾಡ್ಕೊಡ್ತೀನಿ."